ಹಾಸಿಗೆ ಅಂಗಡಿಯ ಹುಡುಗಿಗೆ ನಾನು ಕೊಟ್ಟ ಸಲಹೆಗಳು

ನನ್ನ ಗಂಡ ಪಶುವೈದ್ಯರು. ಅವರಿಗೆ ಹೊನ್ನಾಳಿಗೆ ವರ್ಗವಾದಾಗ ನಾನೂ ನನ್ನ ಕಂಪ್ಯೂಟರು, ಅದರ ಎರಡು ಪರದೆ, ಬೆನ್ನುನೋವಿಗೆಂದು ಕೊಂಡಿದ್ದ ದೊಡ್ಡ ಕುರ್ಚಿ ಕಟ್ಟಿಕೊಂಡು ಅವರ ಜೊತೆ ಬಂದೆ. ನನ್ನದು ಮನೆಯಿಂದಲೇ ಮಾಡುವ ಕೆಲಸ. ಆಸ್ಪತ್ರೆಗಳು ಬಳಸುವ ಫೋನ್ ಆಪ್‌ಗಳಲ್ಲಿ, ಕೌಂಟರಿನ ಪರದೆಗಳಲ್ಲಿ ಯಾವ ಬಟನ್ ಎಲ್ಲಿರಬೇಕು, ಒತ್ತಿದರೆ ಏನಾಗಬೇಕು, ತಪ್ಪಿ ಒತ್ತಿದವರು ವಾಪಸ್ ಬರುವುದು ಹೇಗೆ ಎಂದೆಲ್ಲ ಯೋಚಿಸಿ ಚಿತ್ರ ಬರೆದು ಕೊಡುವುದು. ಇದಕ್ಕೆ ಇಂಟರಾಕ್ಟಿವ್ ಡಿಸೈನ್ ಎನ್ನುತ್ತಾರೆ. ಹೊನ್ನಾಳಿಯಲ್ಲಿ ಯಾರಾದರೂ ಕೇಳಿದರೆ ‘ಕಂಪ್ಯೂಟರ್ ಕೆಲಸ’ ಎಂದು ಮುಗಿಸುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಅದನ್ನು ಕೇಳಿಕೊಂಡು, ಆಧಾರ್ ಕಾರ್ಡಿನಲ್ಲಿ ಹೆಸರು ತಿದ್ದಿಸಲು ಮೊಮ್ಮಗಳ ಜೊತೆ ನಮ್ಮ ಮನೆಗೆ ಬಂದಿದ್ದರು.

ಚನ್ನಗಿರಿಯ ಕಾಲೇಜೊಂದರಲ್ಲಿ ಪಾಠ ಮಾಡುವ ಉಪನ್ಯಾಸಕರೊಬ್ಬರು ಹೊನ್ನಾಳಿ ಕಡೆಯ ಹಳ್ಳಿಯವರು. ಅವರ ಎಮ್ಮೆಯ ನೆಪದಲ್ಲಿ ನನ್ನ ಗಂಡನಿಗೆ ಪರಿಚಯ. ಅವರು ಒಂದು ದಿನ ಮನೆಗೇ ಬಂದು, “ಮೇಡಂ, ನಮ್ಮ ಹುಡುಗ್ರಿಗೆ ನಿಮ್ಮ ಲೈನ್ ಬಗ್ಗೆ ಒಂದೀಟು ಹೇಳ್ರಿ. ಏನ್ ಓದ್ಬೇಕು, ಹೆಂಗೆ ಕೆಲ್ಸಕ್ಕೆ ಸೇರ್ಬೇಕು ಅಂತ. ಇಲ್ಲಿ ಹೇಳಾಕೆ ಯಾರೂ ಇಲ್ಲ” ಎಂದರು. ಇಷ್ಟು ವರ್ಷ ದುಡಿದಿದ್ದೇನೆ, ಅಷ್ಟು ಹೇಳಲು ನನಗೇನು ಕಷ್ಟ ಎಂದುಕೊಂಡು ಒಪ್ಪಿದೆ.

ಕಾಲೇಜಿನ ಹಾಲ್ ತುಂಬಿತ್ತು. ನಾನು ಎಟಿಎಂನಿಂದ ಶುರು ಮಾಡಿದೆ. ಎಷ್ಟೋ ಎಟಿಎಂಗಳಲ್ಲಿ ದುಡ್ಡಿಗಿಂತ ಮೊದಲು ಕಾರ್ಡ್ ಹೊರಗೆ ಬರುತ್ತದಲ್ಲ, ಯಾಕೆ ಎಂದು ಕೇಳಿದೆ. ಯಾರೋ ಹಿಂದಿನಿಂದ “ಮಿಷನ್ನೇ ಹಂಗೈತೆ ಮೇಡಂ” ಎಂದರು. ದುಡ್ಡು ಕೈಗೆ ಬಂದರೆ ಜನ ಕಾರ್ಡ್ ಮರೆತು ಹೋಗುತ್ತಾರೆ, ಅದಕ್ಕೇ ಯಾರೋ ಕೂತು ಯೋಚಿಸಿ ಹಾಗೆ ಮಾಡಿದ್ದಾರೆ, ಆ ಯೋಚಿಸುವ ಕೆಲಸವೇ ನಮ್ಮದು ಎಂದಾಗ ಮಕ್ಕಳು ನೆಟ್ಟಗೆ ಕೂತರು. ಆಮೇಲೆ ನನಗೆ ಗೊತ್ತಿದ್ದ ಸಲಹೆಗಳನ್ನೆಲ್ಲ ಹೇಳಿದೆ. ಜನರನ್ನು ಗಮನಿಸಿ, ಮಾತಾಡಿಸಿ. ಮಾಡಿದ ಕೆಲಸಗಳಲ್ಲಿ ಒಳ್ಳೆಯದನ್ನು ಆರಿಸಿ ಒಂದು ಕಡೆ ಜೋಡಿಸಿ, ಅದೇ ನಿಮ್ಮ ಪೋರ್ಟ್‌ಫೋಲಿಯೊ. ಅದರ ಹಿಂದಿನ ಕಥೆಯನ್ನು ಚೆನ್ನಾಗಿ ಹೇಳಲು ಕಲಿಯಿರಿ. ಈ ಕ್ಷೇತ್ರದಲ್ಲಿ ಅರ್ಧ ಕೆಲಸ ಕೈಯದು, ಇನ್ನರ್ಧ ಬಾಯಿಯದು ಎಂದೂ ಹೇಳಿದೆ. ನಕ್ಕರು.

ಮುಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ಇಷ್ಟು ಆಸಕ್ತಿ ಇರುವವಳು ಒಬ್ಬಳಾದರೂ ಇದ್ದಾಳಲ್ಲ ಎಂದು ಖುಷಿಯಾಯಿತು. ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಅವಳು ಹತ್ತಿರ ಬಂದು ತನ್ನ ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಅದರಲ್ಲಿ ಬರೆದಿದ್ದಳು: “ನಾನು ಕಿವಿ ಕೇಳಲ್ಲ. ತುಟಿ ನೋಡಿ ತಿಳಿಯುವುದು. ಮೈಕ್ ನಿಮ್ಮ ಬಾಯಿ ಮುಚ್ಚಿತು. ಅರ್ಧ ಹೋಯಿತು. ಈ ಕೆಲಸ ನನಗೆ ಬೇಕು. ಮತ್ತೆ ಹೇಳಿ.”

ನಾನು ಚಹಾ ಕೆಳಗಿಟ್ಟು ಮತ್ತೆ ಹೇಳಿದೆ. ಪೋರ್ಟ್‌ಫೋಲಿಯೊ ತನಕ ಬಂದೆ. ಕಥೆ ಹೇಳಲು ಕಲಿಯಿರಿ ಎನ್ನುವಲ್ಲಿಗೆ ಬಂದಾಗ ಬಾಯಿ ನಿಂತಿತು. ಅವಳು ನನ್ನ ತುಟಿಯನ್ನೇ ನೋಡುತ್ತಾ ಕಾಯುತ್ತಿದ್ದಳು. “ಉಳಿದದ್ದು ವಾಟ್ಸಾಪಿನಲ್ಲಿ ಬರೆಯುತ್ತೇನೆ” ಎಂದು ಅವಳ ನಂಬರ್ ತೆಗೆದುಕೊಂಡೆ.

ಅವಳು ಬಿಸಿಎ ಕೊನೆಯ ವರ್ಷದಲ್ಲಿದ್ದಳು. ಹತ್ತನೆಯ ತರಗತಿಯವರೆಗೆ ದಾವಣಗೆರೆಯಲ್ಲಿ ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಓದಿ, ಆಮೇಲೆ ಊರಿಗೆ ಬಂದು ಎಲ್ಲರ ಜೊತೆ ಕೂತು ಓದಿದವಳು. ಪಾಠ ಕೇಳಿಸದಿದ್ದರೂ ಗೆಳತಿಯರ ಬರಹ ನೋಡಿ ಪಾಸಾಗುತ್ತಾ ಬಂದಿದ್ದಳು. ತಂದೆಗೆ ಚನ್ನಗಿರಿ ಪೇಟೆಯಲ್ಲಿ ಹಾಸಿಗೆ ಅಂಗಡಿ. ಮೊದಲು ಹತ್ತಿ ಹಿಂಜಿ ಹಾಸಿಗೆ ತುಂಬುತ್ತಿದ್ದರಂತೆ. ಈಗ ಫೋಮ್, ದಿಂಬು, ಪರದೆ ಬಟ್ಟೆ. ಅಡಿಕೆ ವ್ಯಾಪಾರಕ್ಕೆ ಬಂದವರು ಮಗಳ ಮದುವೆಗೆಂದು ಅಲ್ಲೇ ಹಾಸಿಗೆ ಆರಿಸಿ ಹೋಗುತ್ತಾರೆ.

ಅವಳ ಕೆಲಸ ನೋಡಲು ನಾನು ಒಂದು ಭಾನುವಾರ ಆ ಅಂಗಡಿಗೆ ಹೋದೆ. ಅವಳ ಅಕ್ಕ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಜಗಳೂರಿಗೆ ಕೊಟ್ಟ ಹೆಣ್ಣು. ಆ ಮನೆಯಲ್ಲಿ ಸನ್ನೆ ಭಾಷೆ ಪೂರ್ತಿ ಬರುತ್ತಿದ್ದದ್ದು ಅಕ್ಕನಿಗೆ ಮಾತ್ರ. ತಂಗಿ ರಜೆಗೆ ಬಂದಾಗಲೆಲ್ಲ ಹಾಸ್ಟೆಲಿನಲ್ಲಿ ಕಲಿತದ್ದನ್ನು ಅಕ್ಕನಿಗೂ ಕಲಿಸಿದ್ದಳಂತೆ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಅಕ್ಕ ಎರಡೂ ಕೈಯಲ್ಲಿ ಸರಸರ ಮಾತಾಡುತ್ತಿದ್ದಳು. ನಾನು ಒಂದರ ಮೇಲೊಂದು ಪೇರಿಸಿದ್ದ ಫೋಮ್ ಹಾಳೆಗಳ ಮೇಲೆ ಕೂತಿದ್ದೆ, ಮಾತಿಗೆ ಮುಂದೆ ಬಾಗಿದರೆ ಒಳಕ್ಕೆ ಇಳಿಯುತ್ತಿದ್ದೆ.

ಹುಡುಗಿ ನನ್ನ ಕೈಗೆ ತನ್ನ ಫೋನ್ ಕೊಟ್ಟು ಏನೋ ಸನ್ನೆ ಮಾಡಿದಳು.

“ಕಣ್ಣು ಮುಚ್ಚಿಕೊಳ್ರಿ ಅಂತ ಹೇಳ್ತಾಳೆ ಮೇಡಂ,” ಎಂದಳು ಅಕ್ಕ. “ನೀವೀಗ ಆಸ್ಪತ್ರೆಯಾಗೆ ಕುಂತೀರಂತೆ. ಟೋಕನ್ ತಗಂಡು.”

ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಫೋನು ಅಂಗೈಯಲ್ಲಿ ಮೆಲ್ಲಗೆ, ಉದ್ದಕ್ಕೆ ಒಮ್ಮೆ ನಡುಗಿತು. ನಿಂತಿತು. ಮತ್ತೆ ಸ್ವಲ್ಪ ಬಿಟ್ಟು, ಈ ಸಲ ಇನ್ನೂ ಚುರುಕಾಗಿ. ಹೀಗೆ ಅದು ಹತ್ತಿರ ಹತ್ತಿರ ಬರುತ್ತಿದೆ ಎನ್ನಿಸತೊಡಗಿತು. ಕೊನೆಗೆ ಯಾರೋ ಬಾಗಿಲು ಬಡಿದಂತೆ ಗಟ್ಟಿಯಾಗಿ ಬಡಿಯಿತು. ನಾನು ಗೊತ್ತಿಲ್ಲದೆ ಎದ್ದು ನಿಂತಿದ್ದೆ. ಕಣ್ಣು ಬಿಟ್ಟರೆ ಅವಳು ಚಪ್ಪಾಳೆ ತಟ್ಟಿ ನಗುತ್ತಿದ್ದಳು.

ಅಮ್ಮನಿಗೆ ಹುಷಾರಿಲ್ಲದಾಗ ಅವಳೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳಂತೆ. ನರ್ಸ್ ಹೆಸರು ಕೂಗಿದ್ದು ಇವಳಿಗೆ ಕೇಳಲಿಲ್ಲ, ಜ್ವರದ ಮಂಪರಿನಲ್ಲಿದ್ದ ಅಮ್ಮನಿಗೂ ತಿಳಿಯಲಿಲ್ಲ, ಸರದಿ ತಪ್ಪಿಹೋಯಿತು. ಪರದೆಯ ಮೇಲೆ ನಂಬರ್ ಬಂದರೂ ಅದನ್ನೇ ನೋಡುತ್ತಾ ಎಷ್ಟು ಹೊತ್ತು ಕೂರುವುದು, ಆ ಕಡೆ ಈ ಕಡೆ ತಿರುಗುವ ಹಾಗಿಲ್ಲ ಎಂದು ಯೋಚಿಸಿ ಇದನ್ನು ಮಾಡಿದ್ದಳು. ಕಾಯುವವರ ಕಣ್ಣಿಗೂ ಕಿವಿಗೂ ಕೆಲಸ ಕೊಡದೆ, ಸರದಿ ಎಷ್ಟು ಹತ್ತಿರ ಬಂತು ಎಂದು ಅಂಗೈಗೆ ಹೇಳುವುದು. ನಾನು ವರ್ಷಗಟ್ಟಲೆ ಆಸ್ಪತ್ರೆಯ ಪರದೆಗಳನ್ನೇ ಮಾಡಿದವಳು. ಇವಳಿಗೆ ಕೆಲಸ ಸಿಕ್ಕೇ ಸಿಗುತ್ತದೆ ಎನ್ನುವುದರಲ್ಲಿ ಆ ಕ್ಷಣ ನನಗೆ ಅನುಮಾನವೇ ಇರಲಿಲ್ಲ.

ಹೊರಡುವಾಗ ಅವಳ ತಂದೆ ಅಂಗಡಿಯ ಮೆಟ್ಟಿಲ ತನಕ ಬಂದರು. ಇಡೀ ಹೊತ್ತು ಗಿರಾಕಿಗಳ ನಡುವೆ ನಮ್ಮ ಕಡೆಗೊಂದು ಕಣ್ಣಿಟ್ಟಿದ್ದವರು.

“ಮೇಡಂ, ನಂಗೆ ನಿಮ್ಮ ವಿದ್ಯೆ ತಿಳಿಯಂಗಿಲ್ಲ. ಒಂದೇ ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ್ರಿ. ಇದ್ರಾಗೆ ಇವ್ಳಿಗೆ ಕೆಲ್ಸ ಸಿಗ್ತೈತಾ, ಇಲ್ಲಾ?”

“ಇವಳ ಕೆಲಸ ತುಂಬಾ ಚೆನ್ನಾಗಿದೆ” ಎಂದೆ.

“ಅದು ನಂಗೂ ಕಾಣ್ತೈತಲ್ರಿ. ನಾ ಕೇಳಿದ್ದು ಕೆಲ್ಸ ಕೊಡ್ತಾರಾ ಅಂತ.”

“ಪ್ರಯತ್ನ ಮಾಡೋಣ” ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು. ಅದು ಉತ್ತರವಲ್ಲ ಎಂದು ಅವರಿಗೂ ಗೊತ್ತಾಗಿತ್ತು.

ಪ್ರಯತ್ನವನ್ನೇನೋ ನಾವು ಚೆನ್ನಾಗಿಯೇ ಮಾಡಿದೆವು. ಅವಳ ಪೋರ್ಟ್‌ಫೋಲಿಯೊವನ್ನು ಇಬ್ಬರೂ ಸೇರಿ ತಿದ್ದಿದೆವು. ಅವಳು ಹಟದವಳು. ನಾನು ಒಂದು ಬಣ್ಣ ಬದಲಿಸಲು ಹೇಳಿದರೆ ಯಾಕೆ ಎಂದು ಕೇಳುತ್ತಿದ್ದಳು, ‘ಈಗ ಎಲ್ಲರೂ ಹೀಗೇ ಮಾಡುತ್ತಾರೆ’ ಎಂದು ಬರೆದರೆ ಬಾಯಿಗೆ ಜಿಪ್ ಎಳೆದ ಮುಖದ ಚಿತ್ರ ಕಳಿಸುತ್ತಿದ್ದಳು. ಅವಳ ಕನ್ನಡದಲ್ಲಿ ವಿಭಕ್ತಿಗಳು ಬಿಟ್ಟುಹೋಗುತ್ತಿದ್ದವು. ಸನ್ನೆ ಭಾಷೆಗೆ ಅದರದೇ ವ್ಯಾಕರಣವಿದೆ, ಅವಳು ಯೋಚಿಸುವುದು ಅದರಲ್ಲಿ. ಇಂಗ್ಲಿಷ್ ಅವಳಿಗೆ ಮೂರನೆಯ ಮನೆ. ನಾನು ಅವಳ ಇಂಗ್ಲಿಷ್ ಸಾಲುಗಳನ್ನು ತಿದ್ದಿ ನಯ ಮಾಡಿದೆ. ನಯವಾದ ಮೇಲೆ ಅವು ಅವಳವಾಗಿ ಕಾಣಲಿಲ್ಲ, ಯಾರು ಬೇಕಾದರೂ ಬರೆಯಬಹುದಾದ ಸಾಲುಗಳಾದವು. ಹಾಗೇ ಕಳಿಸಿದೆವು.

ನನಗೆ ಪರಿಚಯವಿದ್ದವರಿಗೆಲ್ಲ ಬರೆದೆ. ಕೆಲವರು ಉತ್ತರಿಸಲಿಲ್ಲ. ಕೆಲವರು ಫೋನ್ ಮಾಡಿ ತಮ್ಮ ಕಷ್ಟ ತೋಡಿಕೊಂಡರು. ಮೊದಲು ನಾಲ್ಕು ಹೊಸಬರು ಕೂತು ಬರೆಯುತ್ತಿದ್ದ ಪರದೆಗಳನ್ನು ಈಗ ಒಬ್ಬ ಅನುಭವಿ ಎಐ ಮುಂದೆ ಕೂತು ಸಂಜೆಯೊಳಗೆ ಮಾಡುತ್ತಾನೆ, ಹೊಸಬರನ್ನು ತೆಗೆದುಕೊಳ್ಳುವುದೇ ನಿಂತಿದೆ ಎಂದರು. ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಗೆಳತಿಯೊಬ್ಬಳು, “ಮಕ್ಕಳಿಗೆ ಈ ಕಡೆ ಬನ್ನಿ ಅಂತ ಯಾವ ಬಾಯಲ್ಲಿ ಹೇಳ್ತಿದ್ದೀಯ ಮಾರಾಯ್ತಿ?” ಎಂದು ನೇರವಾಗಿಯೇ ಕೇಳಿದಳು. ಕಾಲೇಜಿನ ಉಳಿದ ಹುಡುಗರೂ ಆಗಾಗ ಸಂದೇಶ ಕಳಿಸಿ, ಯಾವ ಸಾಫ್ಟ್‌ವೇರ್ ಕಲಿಯೋಣ ಎಂದು ಕೇಳುತ್ತಿದ್ದರು. ಇಂಥದ್ದು ಕಲಿಯಿರಿ ಎಂದು ಬರೆಯುತ್ತಿದ್ದೆ. ಅವರು ಕಲಿತು ಮುಗಿಸುವ ಹೊತ್ತಿಗೆ ಅದು ಇರುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಕೊನೆಗೆ ಒಂದು ಕಂಪನಿ ಅವಳ ಸಂದರ್ಶನಕ್ಕೆ ಒಪ್ಪಿತು. ವಿಡಿಯೊ ಕಾಲ್‌ನಲ್ಲಿ. ಹುಡುಗಿಗೆ ಕಿವಿ ಕೇಳುವುದಿಲ್ಲ, ಅಕ್ಕ ಪಕ್ಕದಲ್ಲಿದ್ದು ಸನ್ನೆಯಲ್ಲಿ ತಿಳಿಸುತ್ತಾಳೆ ಎಂದು ಮೊದಲೇ ಬರೆದಿದ್ದೆ. ಆಗಲಿ, ಏನೂ ತೊಂದರೆಯಿಲ್ಲ ಎಂದು ಅಲ್ಲಿಂದ ಉತ್ತರವೂ ಬಂದಿತ್ತು. ಅಷ್ಟರಲ್ಲಿ ಅಕ್ಕ ಮಗು ಎತ್ತಿಕೊಂಡು ಗಂಡನ ಮನೆಗೆ ವಾಪಸಾಗಿದ್ದಳು. ಹಾಗಾಗಿ ಸಂದರ್ಶನ ಜಗಳೂರಿನಲ್ಲೇ ಎಂದಾಯಿತು. ಅಕ್ಕನ ಗಂಡನದು ಮೊಬೈಲ್ ಸಾಮಾನಿನ ಅಂಗಡಿ, ಇಂಟರ್ನೆಟ್ ಚೆನ್ನಾಗಿತ್ತು. ನಾನು ದಾವಣಗೆರೆಯಲ್ಲಿ ಬಸ್ ಬದಲಿಸಿ ಹೋದೆ. ನಾನು ಹೋಗಬೇಕಾದ ಅಗತ್ಯವಿರಲಿಲ್ಲ, ಆದರೆ ಅವಳು “ಬನ್ನಿ” ಎಂದು ಬರೆದಿದ್ದಳು.

ಬೇಸಿಗೆ. ಮನೆಯ ಮುಂದಿನ ಕೋಣೆಯಲ್ಲಿ ಗೋಡೆಗೆ ಹೊಸ ಬೆಡ್‌ಶೀಟ್ ಕಟ್ಟಿ ಹಿನ್ನೆಲೆ ಮಾಡಿದ್ದರು. ಮಗುವನ್ನು ಪಕ್ಕದ ಮನೆಗೆ ಕಳಿಸಿದ್ದರು. ಶಬ್ದವಾಗುತ್ತದೆಂದು ಫ್ಯಾನ್ ಆರಿಸಿದ್ದರು. ಕಿವಿ ಕೇಳುವವರಿಗೆ ತೊಂದರೆಯಾಗದಿರಲಿ ಎಂದು ಕಿವಿ ಕೇಳದ ಹುಡುಗಿ ಬೆವರು ಒರೆಸಿಕೊಳ್ಳುತ್ತಾ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಪಕ್ಕದಲ್ಲಿ ಅಕ್ಕ. ನಾನು ಕ್ಯಾಮೆರಾಗೆ ಕಾಣದ ಹಾಗೆ ಬಾಗಿಲ ಬಳಿ ಒಂದು ಸ್ಟೂಲಿನ ಮೇಲೆ.

ಆ ಕಡೆ ಮೂವರು ಬಂದರು. ಒಬ್ಬ ಹೆಂಗಸಿನ ಮುಖ ಮಾತ್ರ ಕಂಡಿತು. ಇನ್ನಿಬ್ಬರು ಕ್ಯಾಮೆರಾ ಹಾಕಲೇ ಇಲ್ಲ, ಹೆಸರಿನ ಮೊದಲ ಅಕ್ಷರ ಇದ್ದ ಎರಡು ಬಣ್ಣದ ಚೌಕಗಳಷ್ಟೇ. ನನ್ನ ಪತ್ರಕ್ಕೆ ಉತ್ತರಿಸಿದ್ದವರು ಆ ದಿನ ರಜೆಯಂತೆ. ಬಂದವರಿಗೆ ವಿಷಯವೇ ತಿಳಿದಿರಲಿಲ್ಲ. ಹುಡುಗಿಗೆ ಕಿವಿ ಕೇಳುವುದಿಲ್ಲ ಎಂದು ಅಕ್ಕ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು. ಆ ಹೆಂಗಸು ತುಂಬಾ ಮೃದುವಾಗಿ, “ಪರವಾಗಿಲ್ಲ, ಆದರೆ ನಾವು ಅಭ್ಯರ್ಥಿಯ ಜೊತೆ ನೇರವಾಗಿ ಮಾತಾಡುತ್ತೇವೆ. ನಾವು ಮಾತಾಡಿದ್ದು ಕೆಳಗೆ ಅಕ್ಷರದಲ್ಲಿ ಬರುತ್ತದೆ. ಅವರು ಚಾಟ್‌ನಲ್ಲಿ ಟೈಪ್ ಮಾಡಲಿ. ಬೇರೆಯವರು ದಯವಿಟ್ಟು ಸ್ವಲ್ಪ ಆಚೆ ಇರಿ” ಎಂದರು. ಪರೀಕ್ಷೆಯಲ್ಲಿ ಪಕ್ಕದವರು ಹೇಳಿಕೊಡಬಾರದು ಎನ್ನುವಂಥದ್ದೇ ನಿಯಮ. ಅಕ್ಕ ಎದ್ದು ನನ್ನ ಹತ್ತಿರ ಬಂದು ನಿಂತಳು.

ಮೊದಲ ಪ್ರಶ್ನೆ ಇಂಗ್ಲಿಷಿನಲ್ಲಿ ಪರದೆಯ ಕೆಳಗೆ ಓಡಿತು. ನಿಮ್ಮ ಕೆಲಸವನ್ನು ವಿವರಿಸಿ ಎನ್ನುವುದಕ್ಕೆ ನಮ್ಮ ಆಫೀಸುಗಳಲ್ಲಿ ಒಂದು ಮಾತಿದೆ. ಪದ ಬಿಡಿಸಿ ಓದಿದರೆ ‘ನಿಮ್ಮ ಕೆಲಸದೊಳಗೆ ನಮ್ಮನ್ನು ನಡೆಸಿಕೊಂಡು ಹೋಗಿ’ ಎಂದಾಗುತ್ತದೆ. ಹುಡುಗಿ ಅದನ್ನು ಓದಿ, ತಿರುಗಿ ಅಕ್ಕನನ್ನು ನೋಡಿ, ಎರಡು ಬೆರಳಿನಲ್ಲಿ ನಡೆಯುವ ಸನ್ನೆ ಮಾಡಿ ಹುಬ್ಬು ಏರಿಸಿದಳು. ಎಲ್ಲಿಗೆ ನಡೆಯಬೇಕು?

ಅಕ್ಕ ನನ್ನನ್ನು ನೋಡಿದಳು. ನಾನು ‘ವಿವರಿಸು, ವಿವರಿಸು’ ಎಂದು ಸದ್ದಿಲ್ಲದೆ ತುಟಿ ಆಡಿಸಿದೆ. ಹುಡುಗಿಗೆ ತಿಳಿಯಿತು. ನಾವು ಮೊದಲೇ ಬರೆದಿಟ್ಟಿದ್ದ ನಯವಾದ ಸಾಲುಗಳನ್ನು ಚಾಟ್‌ಗೆ ಹಾಕಿದಳು. ಆದರೆ ಅವಳು ಪದೇ ಪದೇ ಬದಿಗೆ ತಿರುಗಿ ನೋಡಿದ್ದು ಆ ಕಡೆಯವರಿಗೂ ಕಂಡಿರಬೇಕು. “ರೂಮಿನಲ್ಲಿ ಬೇರೆ ಯಾರಾದರೂ ಇದ್ದಾರಾ?” ಎಂದು ಬಣ್ಣದ ಚೌಕವೊಂದು ಕೇಳಿತು. ಅಲ್ಲಿಂದಾಚೆ ನಾನು ತುಟಿಯನ್ನೂ ಆಡಿಸಲಿಲ್ಲ.

ಬಳಕೆದಾರರನ್ನು ಹೇಗೆ ಮಾತಾಡಿಸಿದಿರಿ ಎಂಬ ಪ್ರಶ್ನೆ ಬಂತು. ಅದಕ್ಕೆ ನಾವು ಏನೂ ಬರೆದಿಟ್ಟುಕೊಂಡಿರಲಿಲ್ಲ. ಅವಳು ತನ್ನದೇ ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಮಾತಾಡಿಸಲಿಲ್ಲ, ಆಸ್ಪತ್ರೆಯಲ್ಲಿ ಕೂತೆ, ನೋಡಿದೆ, ಜನ ಸರದಿ ಬರುವ ಮೊದಲೇ ಚಪ್ಪಲಿ ಹಾಕಿಕೊಂಡು ತುದಿಗೆ ಬಂದು ಕೂರುತ್ತಾರೆ ಎಂದು. ನನ್ನ ಮಟ್ಟಿಗೆ ಆ ದಿನ ಆ ಕಾಲ್‌ನಲ್ಲಿ ಬಂದ ಎಲ್ಲ ಮಾತುಗಳಲ್ಲಿ ಒಳ್ಳೆಯದು ಅದೇ. ಓದಿದವರು “ಓಕೆ” ಎಂದು ಮುಂದಕ್ಕೆ ಹೋದರು.

ಆಮೇಲೆ ಅವಳಿಗೆ ತಾನು ಮಾಡಿದ್ದನ್ನು ತೋರಿಸಬೇಕೆನ್ನಿಸಿತು. ಫೋನನ್ನು ಕ್ಯಾಮೆರಾದ ಹತ್ತಿರ ಹಿಡಿದು ಒತ್ತಿದಳು. ಅದು ಅವಳ ಕೈಯಲ್ಲಿ ನಡುಗುತ್ತಿತ್ತು. ಪರದೆಯಲ್ಲಿ ಮಾತ್ರ ಸುಮ್ಮನೆ ಒಂದು ಫೋನು. ಆ ಕಡೆಯವರು, “ನಾವು ಏನನ್ನು ನೋಡಬೇಕು?” ಎಂದು ಕೇಳಿದರು. ಅಂಗೈಗೆ ತಿಳಿಯುವುದನ್ನು ಅವರಿಗೆ ಕಾಣಿಸುವುದು ಹೇಗೆ? ಹುಡುಗಿ ಒಂದು ಕ್ಷಣ ಯೋಚಿಸಿ ಅಕ್ಕನಿಗೆ ಕೈ ಬೀಸಿದಳು. ಅಕ್ಕ ಅಡುಗೆಮನೆಗೆ ಓಡಿ ಒಂದು ಸ್ಟೀಲ್ ತಟ್ಟೆ ತಂದಳು. ಹುಡುಗಿ ಅದನ್ನು ಮೇಜಿನ ಮೇಲೆ ಬೋರಲು ಹಾಕಿ ಫೋನನ್ನು ಅದರ ಮೇಲಿಟ್ಟು ಒತ್ತಿದಳು. ನಡುಕಕ್ಕೆ ತಟ್ಟೆ ಗರ್ರ್ ಎಂದಿತು. ಸರದಿ ಹತ್ತಿರ ಬಂದ ಹಾಗೆ ಸದ್ದು ಏರಿತು. ಇಡೀ ಕೋಣೆ ಜುಂಯ್ ಎನ್ನುತ್ತಿತ್ತು. ಕಿವಿ ಕೇಳದ ಹುಡುಗಿಗೆ, ಕೇಳುವವರಿಗೆ ಏನು ಬೇಕು ಎಂದು ಆ ಗಡಿಬಿಡಿಯಲ್ಲೂ ಹೊಳೆದಿತ್ತು. ನಾನು ಸ್ಟೂಲಿನಿಂದ ಅರ್ಧ ಎದ್ದಿದ್ದೆ.

“ಸಾರಿ, ನಮಗೆ ಏನೂ ಕೇಳುತ್ತಿಲ್ಲ,” ಎಂದರು ಆ ಹೆಂಗಸು.

ಯಾಕೆಂದು ನನಗೆ ತಕ್ಷಣ ಗೊತ್ತಾಯಿತು. ಇಂಥ ಕಾಲ್‌ಗಳಲ್ಲಿ ಮನುಷ್ಯರ ದನಿ ಬಿಟ್ಟು ಉಳಿದ ಗದ್ದಲವನ್ನೆಲ್ಲ ತಾನಾಗಿಯೇ ಅಳಿಸುವ ಒಂದು ವ್ಯವಸ್ಥೆ ಇರುತ್ತದೆ. ನಾಯಿ ಬೊಗಳುವುದು, ಮಿಕ್ಸಿ ತಿರುಗುವುದು ಆಚೆಗೆ ಕೇಳದಿರಲಿ ಎಂದು. ತಟ್ಟೆಯ ಸದ್ದನ್ನೂ ಅದು ಗದ್ದಲ ಎಂದು ಅಳಿಸಿ ಹಾಕುತ್ತಿತ್ತು. ಅದನ್ನು ನಿಲ್ಲಿಸಲು ಸಾಧ್ಯ. ಆದರೆ ಆ ಆಯ್ಕೆ ಮೂರು ಮೆನು ಒಳಗೆ ಎಲ್ಲೋ ಇರುತ್ತದೆ. ಹುಡುಗಿಗೆ ಅದರ ಸುಳಿವಿರಲು ಕಾರಣವೇ ಇಲ್ಲ, ಕಾಲ್‌ನಲ್ಲಿ ಏನು ಕೇಳುತ್ತದೆ ಏನು ಕೇಳುವುದಿಲ್ಲ ಎಂದು ಅವಳು ಎಂದೂ ನೋಡಿದವಳಲ್ಲ. ನಾನು ಮೇಜಿನ ಕಡೆ ಕೈ ತೋರಿಸಿ, ಗಾಳಿಯಲ್ಲಿ ಬೆರಳಿಂದ ಒತ್ತಿ, ಏನೇನೋ ಸನ್ನೆ ಮಾಡಿದೆ. ನನಗೆ ಬರುತ್ತಿದ್ದ ನಾಲ್ಕೈದು ಸನ್ನೆಗಳಲ್ಲಿ ‘ಮೆನು ಒಳಗೆ ಹೋಗಿ ಆರಿಸು’ ಎನ್ನುವುದು ಇರಲಿಲ್ಲ. ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದೆ. ಅವಳಿಗೆ ಅರ್ಧ ತಿಳಿಯಿತು, ತಂಗಿಗೆ ಅದರಲ್ಲೂ ಅರ್ಧ. ಹುಡುಗಿ ಸದ್ದು ಸಾಲದೇನೋ ಎಂದುಕೊಂಡು ತಟ್ಟೆಯ ಮೇಲೆ ಫೋನನ್ನು ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿದಳು. ನಮ್ಮ ಕಿವಿ ಗಡಚಿಕ್ಕುತ್ತಿತ್ತು. ಅಲ್ಲಿ ಮೂವರೂ ನಿಶ್ಶಬ್ದದಲ್ಲಿ ಕೂತಿದ್ದರು.

ಸಮಯವಾಯಿತು, ತಿಳಿಸುತ್ತೇವೆ, ಶುಭವಾಗಲಿ ಎಂದು ಹೇಳಿ ಹೋದರು. ಅಕ್ಕ ಫ್ಯಾನ್ ಹಾಕಿದಳು. ಹುಡುಗಿ ಬೆವರಿದ ಮುಖ ಎತ್ತಿ ನನ್ನನ್ನು ನೋಡಿ, ಚೆನ್ನಾಯಿತಾ ಎಂದು ಹೆಬ್ಬೆರಳು ತೋರಿಸಿ ಕೇಳಿದಳು. ಗಟ್ಟಿಯಾಗಿ ಒತ್ತಿದ ಮೇಲೆ ತಟ್ಟೆಯ ಸದ್ದು ಆಚೆ ಹೋಗಿದೆ ಎಂದೇ ಅವಳ ನಂಬಿಕೆ. ಕೆಳಗೆ ಓಡಿದ ಅಕ್ಷರಗಳನ್ನು ಆ ಗಡಿಬಿಡಿಯಲ್ಲಿ ಅವಳು ನೋಡಿರಲಿಲ್ಲ. ನಾನು ಅಕ್ಕನನ್ನು ನೋಡಿದೆ. ಅಕ್ಕನೇ ಹೇಳಿದಳು. ಹುಡುಗಿ ತಟ್ಟೆಯನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿ ತೊಳೆದಿಟ್ಟು ಬಂದಳು. ಅದೇನೂ ಎಂಜಲಾಗಿರಲಿಲ್ಲ.

ಕೆಲವು ದಿನಗಳಲ್ಲಿ ಪತ್ರ ಬಂತು. ಕೆಲಸ ಮೆಚ್ಚುಗೆಯಾಗಿದೆ, ಆದರೆ ಇದು ತಂಡದ ಜೊತೆ ಸಂವಹನ ಹೆಚ್ಚು ಬೇಕಾದ ಹುದ್ದೆ, ಬೇರೆಯವರನ್ನು ಆರಿಸಿದ್ದೇವೆ ಎಂದು. ಅವಳು ಅದರ ಚಿತ್ರ ತೆಗೆದು ನನಗೆ ಕಳಿಸಿ, ಆ ಒಂದು ಪದದ ಸುತ್ತ ಕೆಂಪು ಗೆರೆ ಎಳೆದು ಕೇಳಿದಳು: “ಸಂವಹನ ಎಂದರೆ ಏನು?”

ಮೊದಲು ಅರ್ಥ ಕೇಳುತ್ತಿದ್ದಾಳೆ ಎಂದುಕೊಂಡು ಬರೆಯಲು ಶುರು ಮಾಡಿದೆ. ಒಬ್ಬರ ಮನಸ್ಸಿನದು ಇನ್ನೊಬ್ಬರಿಗೆ ತಲುಪುವುದು. ಬರೆದು ಅಳಿಸಿದೆ. ಅಂಗಡಿಯಲ್ಲಿ ನಾನೇ ನೋಡಿದ್ದೆ. ಗಿರಾಕಿ ಹಾಸಿಗೆ ಒತ್ತಿ ನೋಡುವ ರೀತಿಯಲ್ಲೇ ಅವರಿಗೆ ಗಟ್ಟಿ ಬೇಕೋ ಮೆತ್ತಗೆ ಬೇಕೋ ತಿಳಿದು, ಅವಳು ತಂದೆಗೆ ಆ ತುದಿಯಿಂದ ಒಂದು ಹುಬ್ಬಿನಲ್ಲಿ ಹೇಳುತ್ತಿದ್ದಳು. ಅಕ್ಕನ ಜೊತೆ ಕೈಯಲ್ಲೇ ಜಗಳವಾಡಿ, ಕೈಯಲ್ಲೇ ರಾಜಿಯಾಗುತ್ತಿದ್ದಳು. ಅವಳಿಗೆ ಏನೆಂದು ಬರೆಯುವುದು? “ಅವರು ಮಾತಿನ ಬಗ್ಗೆ ಹೇಳಿದ್ದಾರೆ” ಎಂದಷ್ಟೇ ಕಳಿಸಿದೆ. “ಹಾಗಾದರೆ ಮಾತು ಎಂದು ಬರೆಯಬೇಕು” ಎಂದು ಉತ್ತರ ಬಂತು.

ನನ್ನ ಆಫೀಸಿನಲ್ಲೇ ಕೇಳಿ ನೋಡೋಣ ಎಂದು ನಮ್ಮ ಮ್ಯಾನೇಜರಿಗೆ ಅವಳ ಕೆಲಸದ ಬಗ್ಗೆ ಹೇಳಿದೆ. ನಮ್ಮದೇ ಟೋಕನ್ ಆಪ್‌ಗೆ ಹೇಳಿ ಮಾಡಿಸಿದಂಥದ್ದು. ಅವರಿಗೆ ಬಹಳ ಇಷ್ಟವಾಯಿತು. “ಹುಡುಗಿಯನ್ನ ತಗೊಳ್ಳೋಕೆ ಆಗಲ್ಲ, ಹೊಸಬರಿಗೆ ಜಾಗವೇ ಇಲ್ಲ. ಆದರೆ ಐಡಿಯಾ ಚೆನ್ನಾಗಿದೆ. ಅವರು ಕೊಟ್ಟರೆ ಉಪಯೋಗಿಸೋಣ, ಸರ್ಟಿಫಿಕೇಟ್ ಕೊಡೋಣ” ಎಂದರು. ಇದ್ದದ್ದನ್ನು ಇದ್ದ ಹಾಗೆ ಅವಳಿಗೆ ಬರೆದೆ. “ಕೆಲಸ ಜೊತೆ ಕೊಡುವುದು. ಕೆಲಸ ಇಲ್ಲ, ಕೊಡುವುದಿಲ್ಲ” ಎಂದಳು. ಅವಳು ಹೇಳಿದ್ದು ಸರಿ. ಅವಳು ಕೊಡುವುದಿಲ್ಲವಂತೆ ಎಂದು ಮ್ಯಾನೇಜರಿಗೆ ತಿಳಿಸಿದೆ. ಅವರು ಮತ್ತೆ ಆ ವಿಷಯ ಎತ್ತಲಿಲ್ಲ. ನಮ್ಮ ಆಸ್ಪತ್ರೆಗಳ ಪರದೆಗಳಲ್ಲಿ ಇವತ್ತಿಗೂ ನಂಬರ್ ಮಿನುಗುತ್ತದೆ, ಟಿಂಗ್ ಎಂದು ಗಂಟೆಯ ಸದ್ದು ಬರುತ್ತದೆ, ಅಷ್ಟೇ.

ಪರೀಕ್ಷೆ ಮುಗಿದ ಮೇಲೆ ಅವಳು ನ್ಯಾಮತಿಯ ಒಂದು ಅಂಗಡಿಗೆ ಕೆಲಸಕ್ಕೆ ಸೇರಿದಳು. ತಂದೆಯ ಕಡೆಯ ನೆಂಟರು ಅಲ್ಲಿದ್ದಾರೆ, ವಾರವಿಡೀ ಅವರ ಮನೆಯಲ್ಲಿದ್ದು ಶನಿವಾರ ಸಂಜೆ ಊರಿಗೆ ಬರುತ್ತಾಳೆ. ನ್ಯಾಮತಿ ತಾಲ್ಲೂಕಾದ ಮೇಲೆ ಕಚೇರಿಗಳ ಸುತ್ತ ಜೆರಾಕ್ಸ್, ಅರ್ಜಿ, ಫ್ಲೆಕ್ಸ್ ಅಂಗಡಿಗಳು ಹುಟ್ಟಿಕೊಂಡಿವೆ. ಅಂಥದ್ದೊಂದರಲ್ಲಿ ಹುಟ್ಟುಹಬ್ಬದ ಫ್ಲೆಕ್ಸು, ಶ್ರದ್ಧಾಂಜಲಿಯ ಫ್ಲೆಕ್ಸು, ಫೋನಿಗೆ ಕಳಿಸುವ ಲಗ್ನಪತ್ರಿಕೆ. ನನ್ನ ಗಂಡ ಆ ಕಡೆ ಹಳ್ಳಿಗೆ ಹೊರಟಿದ್ದ ದಿನ ನಾನೂ ಬೈಕ್ ಹತ್ತಿ ನೋಡಲು ಹೋದೆ.

ಅವಳು ಮಾಡಿದ ಲಗ್ನಪತ್ರಿಕೆ ತೋರಿಸಿದಳು. ದೀಪದ ಬತ್ತಿ ಮುಟ್ಟಿದರೆ ಹತ್ತಿಕೊಳ್ಳುತ್ತದೆ. ಎಲೆ ಅಡಿಕೆಯ ತಟ್ಟೆ ಸರಿಸಿದರೆ ಕೆಳಗೆ ಮುಹೂರ್ತ. ಫ್ಲೆಕ್ಸ್ ಮಾಡಿಸಲು ಬಂದಿದ್ದ ಯಜಮಾನರೊಬ್ಬರು ಅದನ್ನು ಇಸಿದುಕೊಂಡು ದೀಪ ಹಚ್ಚಿದರು, ಆರಿಸಿದರು, ಮತ್ತೆ ಹಚ್ಚಿದರು. ಅಂಗಡಿಯ ಮಾಲೀಕರು ಒಳ್ಳೆಯ ಮನುಷ್ಯ. ಪಕ್ಕದಲ್ಲೇ ಕೂತಿದ್ದರೂ ಅವಳಿಗೆ ಹೇಳಬೇಕಾದ್ದನ್ನು ವಾಟ್ಸಾಪಿನಲ್ಲೇ ಬರೆಯುತ್ತಾರೆ.

“ಕೈ ಭಾಳ ಚುರುಕು ಮೇಡಂ,” ಎಂದರು. “ಒಂದೇ ಪಜೀತಿ ಅಂದ್ರೆ ಮ್ಯೂಸಿಕ್ಕು. ಕಂಪ್ಯೂಟ್ರಾಗೆ ಗೆರೆ ಮ್ಯಾಲೆ ಕೆಳಗೆ ಆಗ್ತೈತಲ್ಲ, ಅದ್ನ ನೋಡಿ ಹಾಡು ಆರಿಸ್ತಾಳೆ. ಮೊನ್ನೆ ಗೃಹಪ್ರವೇಶದ ಪತ್ರಿಕೆಗೆ ಒಂದು ಹಾಕಿದ್ಳು ನೋಡ್ರಿ, ಕೇಳಿದ್ರೆ ಅಳು ಬರ್ತಿತ್ತು. ಇದು ಬ್ಯಾಡಮ್ಮ ಅಂತ ಬರೆದೆ. ಗೆರೆ ಚೆಂದ ಐತಲ್ಲ ಅಂತ ಜಗಳ ತೆಗೆದ್ಳು.”

ನಾವಿಬ್ಬರೂ ನಕ್ಕೆವು. ಅವಳು ನಮ್ಮ ಮುಖ ನೋಡಿ, ಏನು ಎಂದು ಕೇಳಿ, ತಿಳಿದ ಮೇಲೆ ನಗದೆ ಕೆಲಸಕ್ಕೆ ತಿರುಗಿದಳು.

ಇದೇನು ಕಡಿಮೆ ಕೆಲಸವಾ, ಮುಟ್ಟಿದರೆ ಉತ್ತರ ಕೊಡುವಂಥದ್ದನ್ನೇ ಮಾಡುತ್ತಿದ್ದಾಳಲ್ಲ, ಇದೂ ನನ್ನ ಕ್ಷೇತ್ರವೇ ಅಲ್ಲವಾ ಎಂದು ನನಗೆ ನಾನೇ ಹೇಳಿಕೊಂಡೆ. ಅವಳಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಅವಳಿಗೆ ಬೇಕಾದದ್ದು ಇದಲ್ಲ. ಊಟದ ಹೊತ್ತಿನಲ್ಲಿ ಅವಳು ಇನ್ನೂ ಅರ್ಜಿ ಹಾಕುತ್ತಿದ್ದಾಳೆ. ಸದ್ಯ ಒಂದು ಕಡೆಯಿಂದ ಸಂದರ್ಶನಕ್ಕೆ ಕರೆ ಬಂದಿದೆ. ದಿನ ಗೊತ್ತಾಗಿ, ಒಮ್ಮೆ ಮುಂದಕ್ಕೆ ಹೋಗಿದೆ. ಅಂದು ನ್ಯಾಮತಿಯಲ್ಲಿ ಅವಳು ನನ್ನನ್ನು ಕೇಳಿದ್ದು ಒಂದೇ. ಸಂದರ್ಶನದ ಅಭ್ಯಾಸ ಮಾಡಿಸಿ ಎಂದು.

ಹಾಗಾಗಿ ಈಗ ಭಾನುವಾರ ಬೆಳಿಗ್ಗೆ ನಾನು ಹೊನ್ನಾಳಿಯಿಂದ, ಅವಳು ಚನ್ನಗಿರಿಯಿಂದ ಕೂರುತ್ತೇವೆ. ಮೊದಲ ವಾರ ಮುಖ ತೋರಿಸಿ, ತುಟಿ ಬಿಡಿಸಿ, ನಿಧಾನವಾಗಿ ಪ್ರಶ್ನೆ ಕೇಳಿದೆ. ಚೆನ್ನಾಗಿ ಉತ್ತರಿಸಿದಳು. ಕರೆ ಮುಗಿದ ಮೇಲೆ ಯೋಚಿಸಿದೆ, ಅಲ್ಲಿ ಯಾರೂ ಅವಳನ್ನು ಹೀಗೆ ಕೇಳುವುದಿಲ್ಲ. ಮುಂದಿನ ವಾರ ನನ್ನ ಕ್ಯಾಮೆರಾ ಆರಿಸಿದೆ. ಇಂಗ್ಲಿಷಿನಲ್ಲಿ, ನಮ್ಮ ಆಫೀಸಿನವರ ಹಾಗೆ ವೇಗವಾಗಿ ಮಾತಾಡಿದೆ. ಪದ ಬಿಡಿಸಿದರೆ ತಲೆಬುಡ ತಿಳಿಯದ ಆ ಮಾತುಗಳನ್ನೆಲ್ಲ ಬೇಕೆಂದೇ ಸೇರಿಸಿದೆ. ಅವಳು ಮೇಜು ಬಡಿದಳು.

“ಮುಖ” ಎಂದು ಚಾಟ್‌ನಲ್ಲಿ ಬಂತು.

“ಅವರು ತೋರಿಸದೇ ಇರಬಹುದು” ಎಂದು ಬರೆದೆ.

ಅವಳ ತಂದೆ ಹಿಂದಿನಿಂದ ಬಾಗಿ ಪರದೆ ನೋಡಿದರು. ನಾನಿಲ್ಲದ ಕಪ್ಪು ಚೌಕ ಕಂಡು, “ಮೇಡಂ ಹೋದ್ರಾ?” ಎಂದು ಮಗಳನ್ನು ಕೇಳಿದರು. ಅವಳು ಇಲ್ಲ, ಇದ್ದಾರೆ ಎಂದು ಕೈಯಾಡಿಸಿದಳು. ನನಗೆ ಕ್ಯಾಮೆರಾ ಹಾಕಿಬಿಡಬೇಕೆನ್ನಿಸಿತು. ಕೈ ಮೌಸಿನ ಮೇಲೇ ಇತ್ತು. ಹಾಕಲಿಲ್ಲ. ಅವರು ಅಂಗಡಿಗೆ ಹೋಗಲು ಬೀಗದ ಕೈ ತೆಗೆದುಕೊಂಡು ಹೊರಟರು. ಅವಳು ದುಪಟ್ಟಾ ಸರಿಮಾಡಿಕೊಂಡು ನೆಟ್ಟಗೆ ಕೂತು, ಪರದೆಯ ಕೆಳಗೆ ಅಕ್ಷರ ಮೂಡುವ ಜಾಗದಲ್ಲಿ ಕಣ್ಣು ನೆಟ್ಟಳು. ನಾನು ಮುಂದಿನ ಪ್ರಶ್ನೆ ಕೇಳಿದೆ.